ಬರೀ ಮುಳ್ಳು

ಚೇಳೂರು ರಸ್ತೆಯಲ್ಲಿ ಅಫ್ಸರ್ ಪಾಷಾನ ಅಂಗಡಿ.
ಕ್ಲಚ್ ವೈರು, ಸೀಟು ಕವರುಗಳ ಸಂದಿಯಲ್ಲಿ
ಗಾಜಿನ ಪೆಟ್ಟಿಗೆ, ಅದರಲ್ಲಿ ದಾರಿ ಹೇಳುವವು ಮೂರು.
"ಯಾವ್ದು ತೆಗೀಲಿ ಡಾಕ್ಟ್ರೇ?"
ಡಾಕ್ಟರಲ್ಲ ನಾನು, ಹಸುಗಳಿಗೆ ಕಡ್ಡಿ ಹಾಕುವವನು.
ಬೈಕಿನ ಬೆನ್ನಿಗೆ ಸಾರಜನಕದ ಕ್ಯಾನು,
ಒಳಗೆ ಮೈನಸ್ ನೂರ ತೊಂಬತ್ತಾರರಲ್ಲಿ
ನಿದ್ದೆ ಹೋದ ಹೋರಿಗಳು.
ಮುಂದೆ ಏಪ್ರಿಲ್ಲಿಗೆ ಕಾದ ಟ್ಯಾಂಕು,
ನಡುವೆ ನಾನು, ಅರ್ಧ ಬೆಂದವನು.

ಬೆದೆ ಕಾಯುವುದಿಲ್ಲ.
ಬೆಳಿಗ್ಗೆ ಅರಚಿದ ಹಸು ಮರುದಿನ ಏನೂ ಗೊತ್ತಿಲ್ಲದ ಹಾಗೆ
ಮೆಲುಕು ಹಾಕುತ್ತ ನಿಲ್ಲುತ್ತದೆ.
ಮತ್ತೆ ಇಪ್ಪತ್ತೊಂದು ದಿನ. ಅಷ್ಟೂ ದಿನದ ಹುಲ್ಲು, ಬೂಸಾ, ಬೈಗುಳ
ನನ್ನ ಲೆಕ್ಕಕ್ಕೆ.
ಮಿಟ್ಟಹಳ್ಳಿ ಅಂದರೆ ನನಗೆ ಮೂರು ಮಿಟ್ಟಹಳ್ಳಿ.
ಯಾವುದಮ್ಮ ಎಂದರೆ ಪಾಪಮ್ಮ,
"ನಮ್ಮೂರೇ ಸಾಮಿ, ಇನ್ಯಾವೂರು?"

ಫೋನಿತ್ತು. ಹ್ಯಾಂಡಲ್ಲಿಗೆ ಕಟ್ಟಿ ಓಡಿಸಿದೆ ಒಂದು ಬೇಸಿಗೆ.
ಅದುರಿ ಅದುರಿ ಅದರ ಕ್ಯಾಮೆರಾ ಕಣ್ಣಿಗೆ ಪೊರೆ ಬಂತು;
ಹನ್ನೆರಡು ಗಂಟೆಗೆ ಸರಿಯಾಗಿ ಮೈಕಾದು
ಕಪ್ಪಗಾಗಿ ಮಲಗುತ್ತಿತ್ತು, ನನಗಿಂತ ಬುದ್ಧಿವಂತ.

ಪಾಷಾ ಮೊದಲನೆಯದನ್ನು ಎತ್ತಿದ.
ಮಗ್ಗಿನ ನೀರು ಸುರಿದ ಅದರ ತಲೆಯ ಮೇಲೆ,
ಎಣ್ಣೆ ಬೆರಳಲ್ಲೇ ಒತ್ತಿದ. ಮಾತೂ ಆಡುತ್ತೆ, ಕೇಳಿ, ಅಂದ.
"ಮಿಟಾ ಹಲ್ಲಿ. ಬಲಕ್ಕೆ ತಿರುಗಿ."
ನನ್ನ ತಾಲೂಕಿನ ಅಷ್ಟೂ ಹಳ್ಳಿಗಳನ್ನು ಹಲ್ಲಿ ಮಾಡಿ
ಗೋಡೆಗೆ ಅಂಟಿಸಿತು ಪುಣ್ಯಾತ್ಗಿತ್ತಿ.
ಲೊಚಗುಟ್ಟಿದರೆ ಶಕುನ ಕೇಳಬಹುದು,
ದಾರಿ ಹೇಗೆ ಕೇಳಲಿ?
ಬೆಲೆ, ನನ್ನ ಎರಡು ತಿಂಗಳ ಸಂಬಳ.

ಎರಡನೆಯದು ಮೂಕ. ನಕ್ಷೆ ಮಾತ್ರ ಅಚ್ಚುಕಟ್ಟು.
ಬಿಸಿಲಿಗೆ ಹಿಡಿದರೂ ಗೆರೆ ಗೆರೆ ಕಾಣುತ್ತಿತ್ತು.
ಜರುಗಿಸುತ್ತ ಹೋದೆ, ಕೆರೆ, ಕೆರೆಯ ಕೋಡಿ,
ಆಮೇಲೆ ಕೋತಿಗುಡ್ಡ,
ಸುತ್ತೊಳಗೆ ಸುತ್ತು, ಬೆರಳಚ್ಚಿನ ಹಾಗೆ.

ಆ ಗುಡ್ಡ ಈಗಿಲ್ಲ.
ಕ್ರಷರು ತಿಂದು ಜಲ್ಲಿ ಮಾಡಿ ಲಾರಿಗೆ ತುಂಬಿತು.
ಗುಡ್ಡವಿದ್ದ ಕಡೆ ಅಷ್ಟೇ ಆಳದ ಗುಂಡಿ,
ಹಸಿರು ನೀರು, ಬೇಲಿಯಿಲ್ಲ.
ನನಗಿಂತ ಮುಂಚೆ ಈ ಕ್ಯಾನು ಹೊತ್ತವನು ಸೊಣ್ಣಪ್ಪ.
ಅವನ ಬಳಿ ಯಂತ್ರವಿರಲಿಲ್ಲ, ಇಪ್ಪತ್ತಾರು ವರ್ಷ
ಗುಡ್ಡ ಎಡಕ್ಕಿಟ್ಟುಕೊಂಡೇ ತಿರುಗಿದವನು.
ಒಂದು ಅಮಾವಾಸ್ಯೆ, ಬೆದೆಯ ಕರೆಗೆ ಓಡುತ್ತ
ಎಡಕ್ಕೆ ಕತ್ತಲೆಯನ್ನೇ ಗುಡ್ಡವೆಂದುಕೊಂಡ.
ಈಗ ತೊಡೆಯಲ್ಲಿ ರಾಡು. ಟೀ ಅಂಗಡಿ ಬೆಂಚಿನಲ್ಲಿ ಕೂತು
ಇವತ್ತಿಗೂ ಹೇಳುತ್ತಾನೆ, "ಗುಡ್ಡ ದಾಟಿದ ಮೇಲೆ ಬಲಕ್ಕೆ."
ನಾನು ತಿದ್ದಲು ಹೋಗುವುದಿಲ್ಲ.
ಯಂತ್ರವನ್ನು ಮೆಲ್ಲಗೆ ಗಾಜಿನ ಮೇಲಿಟ್ಟೆ.

"ಇದು ಬೇಡಿ," ಅಂದ ಪಾಷಾ ಮೂರನೆಯದಕ್ಕೆ,
"ನಕ್ಷೇನೇ ಇಲ್ಲ ಇದ್ರಲ್ಲಿ."
ಬಿಲ್ಲೆಯಷ್ಟು ಅಗಲ. ಒಂದು ಮುಳ್ಳು, ಒಂದು ಅಂಕಿ.
ಎಲ್ಲಿಗೆ ಎಂದು ಒಮ್ಮೆ ಗುರುತು ಹಾಕಿದರೆ
ಆ ಕಡೆ, ಇಷ್ಟು ದೂರ. ಅಷ್ಟೇ.
ಹಳ್ಳವೋ ಹೊಲವೋ ನಾಯಿಯೋ, ಅದು ನನ್ನ ಪಾಡು.
ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನದ ಮುಖ.
ಚೌಕಾಸಿ ಮಾಡಿ, ಎರಡು ಸ್ಕ್ರೂ ಪುಕ್ಕಟೆ ಕೇಳಿ ತಂದೆ.
ಮೊದಲ ಗುರುತು ಗುಂಡಿಗೆ.
ಹೆಸರು ಬರೆಯಲು ಅದಕ್ಕೆ ಕನ್ನಡ ಬಾರದು,
ಒಂದು ಅಂತ ಕೊಟ್ಟೆ.
ಮೂರು ಮಿಟ್ಟಹಳ್ಳಿಗೂ ಒಂದೊಂದು ಅಂಕಿ, ಎರಡು, ಮೂರು, ನಾಲ್ಕು.

ಮೊನ್ನೆ ಪಾಪಮ್ಮನ ಹಟ್ಟಿಯ ಮುಂದೆ ಇಳಿದಾಗ
ಮುಚ್ಚಳ ತೆಗೆದ ಕ್ಯಾನಿನಿಂದ ಬಿಳಿ ಹೊಗೆ ಚೆಲ್ಲುತ್ತಿತ್ತು.
ಹ್ಯಾಂಡಲ್ಲಿಗೆ ಕಣ್ಣು ಕಿರಿದು ಮಾಡಿ ಕೇಳಿದಳು,
"ಗಡಿಯಾರಾನಾ? ಟೈಮೆಷ್ಟಾಯ್ತು?"
"ಸೊನ್ನೆ," ಅಂದೆ.
ಮುಳ್ಳು ಆ ಕಡೆ ಈ ಕಡೆ ಸುತ್ತುತ್ತಿತ್ತು,
ಬಂದು ಮುಟ್ಟಿದ ಮೇಲೆ ಯಾವ ಕಡೆ ತೋರಿಸಬೇಕೋ ತಿಳಿಯದೆ.
"ಕೆಟ್ಟೋಗದೆ," ಅಂದಳು.
ಹಸು ಬಾಲ ಎತ್ತಿತು. ನಾನು ಗ್ಲೌಸು ಏರಿಸಿದೆ.