ಪದಪಟ್ಟಿಯ ಹದಿನೇಳನೆಯ ಸಾಲು

ಬಾಣೆ ಅಂದರೇನು, ಕೇಳಿದರು.
ಪೊನ್ನಂಪೇಟೆ, ಜನವರಿ, ಬೆಳಗಿನ ಹನ್ನೊಂದು,
ಐದು ನೆರೆದೇಶಗಳ ಬಾವುಟ ಒಂದೇ ಹೂದಾನಿಯಲ್ಲಿ.
ಕಾಡು ನೀರು ನೆಲದ ಕಾನೂನುಗಳನ್ನು
ಅಕ್ಕಪಕ್ಕ ಇಟ್ಟು ನೋಡುವ ಸಭೆ.
ನಾನು ದುಭಾಷಿ, ಎರಡು ದಿನದ ಮಟ್ಟಿಗೆ.
ಉಳಿದ ದಿನ ಹೈಸ್ಕೂಲಿನಲ್ಲಿ ಇಂಗ್ಲಿಷು, ಒಂಬತ್ತು ‘ಬಿ’.

ಅವರ ಭಾಷೆಯಲ್ಲಿ ಪಾಳು ಎಂದೆ ಮೊದಲು. ತಪ್ಪು.
ಹುಲ್ಲುಗಾವಲು ಎಂದೆ. ಅದೂ ಅಲ್ಲ.
ಖಾಸಗಿ ಕಾಡು ಎಂದಾಗ ಹಿಂದಿನ ಸಾಲಿನಲ್ಲಿ
ಅರಣ್ಯ ಇಲಾಖೆ ಕೆಮ್ಮಿತು.

ಬೆಳ್ಯಪ್ಪನವರು ಎದ್ದರು, ಮೈಕು ಬೇಡವೆಂದರು:
“ಗದ್ದೆ ಕೊಟ್ಟ ರಾಜ ಬರೀ ಗದ್ದೆ ಕೊಡಲಿಲ್ಲ.
ಗದ್ದೆಗೆ ಸೊಪ್ಪು ಬೇಕು, ಒಲೆಗೆ ಸೌದೆ, ದನಕ್ಕೆ ಮೇವು,
ಅದಕ್ಕೇ ಗದ್ದೆಯ ಬೆನ್ನಿಗೊಂದು ಗುಡ್ಡ ಕಟ್ಟಿ ಕೊಟ್ಟ.
ಅದು ಬಾಣೆ. ನೆಲ ನಂದು, ಮರ ಸರ್ಕಾರದ್ದು,
ನೆರಳು ಯಾರದ್ದು ಅಂತ ತೀರ್ಪು ಬರಬೇಕು.”
ಅರ್ಧ ಸಭೆ ಆಗಲೇ ನಕ್ಕಿತು,
ಇನ್ನರ್ಧ ನಾನು ಹೇಳಿ ಮುಗಿಸಿದ ಮೇಲೆ.

ಭೂತಾನಿನ ಉಗ್ಯೆನ್ ನಗಲಿಲ್ಲ.
ಪೆನ್ನಿನ ಮುಚ್ಚಳ ಕಚ್ಚಿಕೊಂಡು
“ಸೊಕ್‌ಶಿಂಗ್” ಎಂದಳು, ತನಗೆ ತಾನೇ.
ಅವಳ ಊರಿನಲ್ಲೂ ಗದ್ದೆಗೊಂದು ಕಾಡು ಇತ್ತಂತೆ,
ಓಕ್ ಮರದ ತರಗೆಲೆ ಗುಡಿಸಿ ದನದ ಕಾಲಡಿ ಹಾಸಿ
ಗೊಬ್ಬರ ಮಾಗಿಸುವ ಕಾಡು.
ಒಂದು ಕಾಯಿದೆ ಬಂತು,
ಕಾಡು ಸರ್ಕಾರದ ಪುಸ್ತಕಕ್ಕೆ ಹೋಯಿತು.
“ಅಮ್ಮ ಈಗಲೂ ಗುಡಿಸುತ್ತಾಳೆ,” ಎಂದಳು, “ಅರ್ಜಿ ಕೊಟ್ಟು.”

ಊಟಕ್ಕೆ ನೂಪುಟ್ಟು. ಲಂಕೆಯ ತಿಲಿನಿ
“ಇಂದಿ ಆಪ್ಪ!” ಎಂದು ತಟ್ಟೆ ತುಂಬಿಸಿಕೊಂಡಳು.
ಅದಕ್ಕೆ ಯಾರೂ ನನ್ನನ್ನು ಕರೆಯಲಿಲ್ಲ.

ಮರುದಿನ ಬಾಳೆಲೆಯ ಕಡೆ, ಎರಡು ವ್ಯಾನು.
ಬೆಳ್ಯಪ್ಪನವರ ಬಾಣೆಯ ತುಂಬ ಈಗ ರೊಬಸ್ಟಾ,
ಮೆಣಸಿನ ಬಳ್ಳಿ ಹತ್ತಿದ ಸಿಲ್ವರ್ ಓಕು.
ಓಕು ಎಂದದ್ದೇ ಉಗ್ಯೆನ್ ತಿರುಗಿದಳು,
ಬಗ್ಗಿ ಒಂದು ಎಲೆ ಎತ್ತಿ ಎರಡೂ ಬದಿ ನೋಡಿ
“ಇದಲ್ಲ” ಎಂದಳು.
ಎಸೆಯಲಿಲ್ಲ, ಇದ್ದಲ್ಲೇ ಇಟ್ಟಳು.

ಹಣ್ಣು ಕುಯ್ಯುತ್ತಿದ್ದ ಚೋಮಿ
ಚೀಲ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಂಡಳು.
ಎರವ ಮಾತು, ಕನ್ನಡ, ಎರಡೂ ಕಲೆಸಿ ನನಗೇ ಕೇಳಿದಳು:
“ಇಲ್ಲಿಯ ಸೊಪ್ಪು ಗದ್ದೆಗೆ ಹೊತ್ತದ್ದು
ನನ್ನವ್ವ, ಅವಳವ್ವ.
ರಾಜ ಗದ್ದೆಗೆ ಬಾಣೆ ಕಟ್ಟಿದ, ಸರಿ.
ಬಾಣೆಗೆ ನಮ್ಮನ್ನು ಕಟ್ಟಿದ್ದು ಯಾರು?
ಅದಕ್ಕೇನು ಹೆಸರು ನಿಮ್ಮ ಕಾಗದದಲ್ಲಿ?”

ಬೆಳ್ಯಪ್ಪನವರು ಮೆಣಸಿನ ಗೊಂಚಲು ಮುಟ್ಟಿ ನೋಡುತ್ತ ನಿಂತರು.
ಏನಂದಳು, ಏನಂದಳು,
ಐದು ದೇಶವೂ ನನ್ನ ಬಾಯಿ ನೋಡಿತು.
ಆ ಪದ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಇದೆ,
ಒಂಬತ್ತು ‘ಬಿ’ಯ ಕೊನೆಯ ಬೆಂಚಿಗೂ ಗೊತ್ತು.
ಆಗಷ್ಟೇ ಅವರ ಜಗಲಿಯಲ್ಲಿ ಕಾಫಿ ಕುಡಿದಿದ್ದೆ, ಬೆಲ್ಲದ ಕಾಫಿ.
“ಕಾರ್ಮಿಕರ ಪಾಲ್ಗೊಳ್ಳುವಿಕೆ ಬಗ್ಗೆ ಕೇಳುತ್ತಿದ್ದಾರೆ,” ಎಂದೆ.
ಎಲ್ಲರೂ ಬರೆದುಕೊಂಡರು.
ಉಗ್ಯೆನ್ ಮಾತ್ರ ಚೋಮಿಯ ಮುಖ ನೋಡಿದಳು,
ಆಮೇಲೆ ನನ್ನದು.

ಮೇ ತಿಂಗಳಲ್ಲಿ ವರದಿ ಅಂಚೆಗೆ ಬಂತು, ನುಣುಪು ಕಾಗದ.
ಕೊನೆಯ ಪುಟಗಳಲ್ಲಿ ಪದಪಟ್ಟಿ.
ಹದಿನೇಳು: ಬಾಣೆ. ಪಕ್ಕದಲ್ಲಿ ಸೊಕ್‌ಶಿಂಗ್.
ಇಂಗ್ಲಿಷಿನ ಮನೆಯಲ್ಲಿ ಒಂದು ಅಡ್ಡಗೆರೆ.
ಹದಿನೆಂಟು: ಪೈಸಾರಿ.
ನಡುವೆ ಒಂದು ಸಾಲಿನಷ್ಟು ಖಾಲಿ,
ಅಚ್ಚಿನವರ ಎಡವಟ್ಟು ಇರಬೇಕು.
ಪೆನ್ಸಿಲ್ ತಂದೆ. ಮೊನೆ ಮಾಡಿದೆ.
ಇನ್ನೂ ಮಾಡುತ್ತಿದ್ದೇನೆ.

ಹೇಳಲು ಮರೆತೆ: ವ್ಯಾನು ಹತ್ತುವಾಗ ಚೋಮಿ ಕೇಳಿದ್ದಳು,
“ದಿನಕ್ಕೆಷ್ಟು ನಿಮಗೆ, ಮಾತಾಡಲಿಕ್ಕೆ?”
ಹೇಳಿದೆ.
ಅವಳು ಅದನ್ನು ಚೀಲಗಳಲ್ಲಿ ಎಣಿಸತೊಡಗಿದಳು,
ತುಟಿ ಅಲ್ಲಾಡುತ್ತಿತ್ತು,
ತಿರುವು ಬರುವ ತನಕ ಎಣಿಕೆ ಮುಗಿದಿರಲಿಲ್ಲ.