ಬಾಗಿಲು ಮೊದಲು

ಬ್ಯಾಂಕಿನ ಷಟರು ಅರ್ಧ ಇಳಿದ ಮೇಲೆ
ಸರ್ವರ್ ಕೋಣೆಯ ತಂಪಿನಲ್ಲಿ ಸ್ವೆಟರು ತೊಟ್ಟು ಕೂತಿದ್ದೇನೆ.
ಹೊರಗೆ ನವನಗರದ ಮೇ ತಿಂಗಳು, ಡಾಂಬರು ಇನ್ನೂ ಆರಿಲ್ಲ.
ಒಳಗೆ ನಾನು, ಹದಿನೆಂಟು ಹಸಿರು ದೀಪ,
ಹಳೇ ಚಲನ್ನಿನ ಬೆನ್ನ ಮೇಲೆ ನಡುವೆ ಎಳೆದ ಒಂದು ಗೆರೆ.

ಎಡಕ್ಕೆ ಬರೆದೆ: ಒಂದೇ ಪರೀಕ್ಷೆ.
ಹಳೇ ಸರ್ಟಿಫಿಕೇಟು ಇದ್ದವರಿಗೆ ಮಾತ್ರ ಈ ಕಾಲುದಾರಿ,
ಡಿಸೆಂಬರ್ ಮೂವತ್ತೊಂದಕ್ಕೆ ಮುಚ್ಚುತ್ತದೆ.
ಒಳಗೆ ಮೂರು ಭಾಗ. ಒಂದರಲ್ಲಿ ಜಾರಿದರೆ
ಉಳಿದೆರಡೂ ಜಾರಿದ ಲೆಕ್ಕ.

ಬಲಕ್ಕೆ: ಮೂರು ಪರೀಕ್ಷೆ, ಬೇರೆ ಬೇರೆ,
ಅವಸರವಿಲ್ಲ. ಆದರೆ ಹೊಸಬಳ ಹಾಗೆ ಮೊದಲಿಂದ.
ಈ ಕೋಣೆಯಲ್ಲಿ ಕಳೆದ ಹನ್ನೊಂದು ವರ್ಷ
ಅಲ್ಲಿ ಯಾರೂ ಕೇಳುವುದಿಲ್ಲ.
ಫೀಸು ಹದಿನಾಲ್ಕು ಸಾವಿರದ ನಾಲ್ಕುನೂರು.
ಪಾಸಾದರೆ ಬ್ಯಾಂಕು ಕೊಡುತ್ತದಂತೆ, ನಪಾಸಾದರೆ
"ಅನುಭವ ಆತಲ್ಲ ಮೇಡಂ" ಅಂತಾರೆ ಮ್ಯಾನೇಜರು.

ನೋಟು ಎಣಿಸಿ ಮುಗಿಸಿದ ಮಲಿಕಸಾಬ ಅತ್ತಾರ
ಹೆಗಲ ಮೇಲಿಂದ ಬಗ್ಗಿ ಓದಿದ.
"ಒಮ್ಮೆಲೇ ಮುಗಿಸಿ ಬಿಡ್ರಿ ಅಕ್ಕಾರ,
ಒಂದ ಹಲ್ಲ ಮೂರ ಸಲಾ ಯಾರ ಕೀಳಸ್ತಾರ?"
ಕೀಳಿಸುವುದಾದರೆ ಅವನ ಮಾತು ಸರಿ.
ಇದು ಕಟ್ಟಿಸಿಕೊಳ್ಳುವ ಕೆಲಸ.

ಹಳೇ ಊರಿನ ನಮ್ಮ ಓಣಿಗೆ ಸರ್ವೆಯವರು ಬಂದಾಗ ನನಗೆ ಹತ್ತು.
ನೀರು ಇನ್ನೂ ಬಂದಿರಲಿಲ್ಲ, ಬಾಗಿಲ ಮೇಲೆ ನಂಬರು ಬಂತು,
ಕೆಂಪು ಬಣ್ಣದಲ್ಲಿ, ನೂರಾ ಹದಿನೇಳು.
ಗೋಡೆ ಎಣಿಸಿದರು. ತೊಲೆ ಎಣಿಸಿದರು.
ಅಪ್ಪ ದಿನಾ ಕೂತು ಕೂತು ನುಣುಪಾದ ಕಟ್ಟೆಯ ಮೂಲೆ
ಯಾವ ಕಾಲಮ್ಮಿಗೂ ಬರಲಿಲ್ಲ.

ಎದುರು ಮನೆಯ ಕೆರೂರವರು ಎಲ್ಲವನ್ನೂ
ಒಂದೇ ಲಾರಿಗೆ ಹೇರಿದರು; ಕಪಾಟಿನ ಕನ್ನಡಿ
ಮೊದಲ ಉಬ್ಬಿನಲ್ಲೇ ಪುಡಿ.
ಅವ್ವ ಮಾತ್ರ ಮೂರು ಖೇಪು ಮಾಡಿದಳು.
ಮೊದಲ ಖೇಪಿಗೆ ಬಾಗಿಲು, ಚೌಕಟ್ಟು ಸಮೇತ.
"ಬಾಗಲಾ ನಿಂತರ ಉಳದದ್ದು ಹಿಂದ ಬರತೈತಿ."

ಮೂರು ವಾರ ಸೆಕ್ಟರಿನ ಬಯಲಿನಲ್ಲಿ
ಗೋಡೆಯಿಲ್ಲದ ಬಾಗಿಲೊಂದು ನಿಂತಿತ್ತು.
ಆಚೆ ಜಾಲಿ, ಈಚೆ ಜಾಲಿ.
ನಾವು ಸುತ್ತಿ ಬಂದರೆ ಬೈಯುತ್ತಿದ್ದಳು:
"ಬಾಗಲಾ ಇದ್ದಿಂದ ಬಾಗಲದಾಗಿಂದ ಬರ್ರಿ!"
ಚಿಲಕ ತೆಗೆದು, ಹೊಸ್ತಿಲು ದಾಟಿ,
ಬಿಸಿಲಿನಿಂದ ಬಿಸಿಲಿಗೇ ಒಳಬರುತ್ತಿದ್ದೆವು.

ಹಾಗಾದರೆ ಈ ಮೂರರಲ್ಲಿ ಬಾಗಿಲು ಯಾವುದು?
ನೆಟ್‌ವರ್ಕು ಬರುತ್ತದೆ. ಇಲ್ಲಿಯ ಕೇಬಲ್ಲು ನಾನೇ ಎಳೆದದ್ದು,
ಹೆಗ್ಗಣ ಕಡಿದಾಗ ನಾನೇ ಕೂಡಿಸಿದ್ದು.
ಸ್ಟೋರೇಜಿಗೆ ಹೆದರುವುದಿಲ್ಲ. ದೀಪಾವಳಿಯ ರಾತ್ರಿ
ಎರಡು ಡಿಸ್ಕು ಒಟ್ಟಿಗೆ ಸತ್ತವು;
ಬೆಳಿಗ್ಗೆ ಖಾತೆದಾರರಿಗೆ ಗೊತ್ತೇ ಆಗಲಿಲ್ಲ,
ಗೊತ್ತಾಗದ್ದಕ್ಕೆ ಮಾರ್ಕಿಲ್ಲ.
ಮೂರನೆಯದು ಕ್ಲೌಡು.
ಮೋಡ ನಮ್ಮ ಕಡೆ ತೋರಿಸಿ ಹೋಗುವ ವಸ್ತು,
ಅದರಲ್ಲಿ ರೊಕ್ಕ ಇಡುತ್ತಾರೆಂದರೆ ಅವ್ವ ನಗುತ್ತಾಳೆ.
ಹೆಸರು ಬಿಟ್ಟರೆ ಅದರ ಸುತ್ತ ನನಗೂ ಒಂದು ಗೋಡೆಯಿಲ್ಲ.

ಅದನ್ನೇ ಮೊದಲು ಬರೆದೆ. ಆಗಸ್ಟ್, ಎರಡನೇ ಶನಿವಾರ.
ಪರೀಕ್ಷೆ ಬೆಳಗಾವಿಯಲ್ಲಿ, ನಸುಕಿನ ಐದರ ಬಸ್ಸು,
ಲೋಕಾಪುರ, ಯರಗಟ್ಟಿ, ನಿದ್ದೆ, ಮತ್ತೆ ಪುಸ್ತಕ.
ಗುರುತಿನ ಚೀಟಿ ಎರಡು ಬೇಕಂತೆ,
ನನ್ನವು ಒಂದರಲ್ಲಿ ಅಪ್ಪನ ಹೆಸರು, ಒಂದರಲ್ಲಿ ಗಂಡನದು.
ಅದೊಂದು ಬೇರೆ ಕಚೇರಿ, ಬೇರೆ ಸಾಲು.

ಎಡಗಡೆಯದನ್ನು ಹೊಡೆದು ಹಾಕಿಲ್ಲ.
ಡಿಸೆಂಬರಿನ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನಾರ್ಥಕ.
ಕರೆಂಟು ಹೋಯಿತು. ಯುಪಿಎಸ್ಸು ಒಮ್ಮೆ ಕೂಗಿತು,
ದೀಪ ಎಣಿಸಿದೆ, ಹದಿನೆಂಟೂ ಇದ್ದವು.

ಸ್ವೆಟರು ಮೊಳೆಗೆ ಸಿಕ್ಕಿಸಿ, ಚಲನ್ನು ಮಡಚಿ ಪರ್ಸಿಗೆ ಹಾಕಿ,
ಮಲಿಕಸಾಬ ಎತ್ತಿ ಹಿಡಿದ ಷಟರಿನ ಕೆಳಗೆ
ಬಗ್ಗಿ ಹೊರಬಂದೆ.