ನೂರಕ್ಕ ಎಂಬತ್ತೇಳು

ರೋಹಿಣಿ ಒಂದ ರಾತ್ರಿ ಬಂದು ಹೋದಳು,
ಹೇಳಲಿಲ್ಲ, ಕೇಳಲಿಲ್ಲ.
ಮುಂಜಾನೆ ನರೇಗಲ್ಲ ದಾರಿಯ ಎರಿ ಹೊಲದಾಗ
ಬೆರಳು ಊರಿ ನೋಡಿದೆ:
ಗೇಣಿಗೆ ಎರಡು ಬೆರಳು ಕಡಿಮಿ ಹಸಿ.
ಬಿತ್ತಾಕ ಸಾಕು,
ಬಿತ್ತದಿರಾಕ ನೆವ ಹೇಳಾಕೂ ಸಾಕು.

ದಿನ್ನಿ ಮ್ಯಾಲಿನ ಗಾಳಿಫ್ಯಾನು ಎಲ್ಲಾ
ಪಡುವಣಕ್ಕ ಮಾರಿ ಮಾಡಿ ತಿರಗಾಕ ಹತ್ತಿದ್ದವು.
ಮೋಡ ತರೋ ಗಾಳಿ ಅದ.
ನೆಲದ ಹಸಿ ಕುಡಿಯೋ ಗಾಳಿನೂ ಅದ.
ಇವತ್ತು ಬಿಟ್ರ ನಾಡದಕ್ಕ
ಮ್ಯಾಲಿನ ಮಣ್ಣು ರೊಟ್ಟಿ ಹಂಚು.

ಅಷ್ಟರಾಗ ಫೋನು.
ಗದಗ ಯಾರ್ಡಿನಿಂದ ದಲಾಲಿ ಅಂಗಡಿ ಸಂಕಣ್ಣ:
ಕಳಕಪ್ಪಣ್ಣ, ಹೆಸರು ಏಳು ಸಾವಿರದ ಆರುನೂರು!
ಇವತ್ತಿಂದಿವತ್ತ ತಾ, ಒಂದು ಗಂಟೆಕ್ಕ ಟೆಂಡರ್.
ಒಂಬತ್ತಕ್ಕ ಒಂಬತ್ತೂ ಚೀಲ ತಾ, ಬೀಜದ್ದೇನು,
ಸಂಪರ್ಕ ಕೇಂದ್ರದಾಗ ಪಾಳಿ ನಿಂತ್ರ ಸಿಗತೈತಿ.
ಅವನ ದನಿ ಹಿಂದ ಹಮಾಲರ ಕೂಗು,
ಚೀಲ ಒಗೆದ ಸಪ್ಪಳ,
ಯಾರೋ ಯಾರಿಗೋ ಚಾ ಹೇಳಿದ್ದು.

ಮಾನೌಮಿಯಿಂದ ಪಡಸಾಲ್ಯಾಗ ಒಂಬತ್ತು ಚೀಲ.
ಬೇವಿನ ಸೊಪ್ಪು ಹಾಕಿ ಹೊಲದಿಟ್ಟಿದ್ವಿ.
ಅವುಗಳ ಮ್ಯಾಲ ಕುಂತು ಟಿವಿ ನೋಡಿದ್ವಿ,
ಮದುವಿ ಮಾತು ಆಡಿದ್ವಿ,
ಧಾರಣಿ ಏರಲಿ ಏರಲಿ ಅಂತ
ಎಂಟು ತಿಂಗಳು ಅವಕ್ಕ ಬೆನ್ನು ಆನಿಸಿ ಮಲಗಿದ್ದೆ.

ಊರಾಗ ಖಾಲಿ ಇದ್ದದ್ದು
ಮರ್ದಾನಸಾಬನ ಟ್ರ್ಯಾಕ್ಟರ್ ಒಂದ.
ಟ್ರ್ಯಾಲಿ ಸಿಗಸಿದ್ರ ಗದಗ, ಕೂರಿಗಿ ಸಿಗಸಿದ್ರ ಹೊಲ.
ಅವ ಕಬ್ಬಿಣದ ಪಿನ್ನು ಕೈಯಾಗ ಹಿಡಕೊಂಡು
ಬೀಡಿ ತುಟಿಯಾಗಿಟ್ಟs ಕೇಳಿದ:
ಯಾವುದಕ್ಕ ಹಾಕಲಿ ಹೇಳು, ಡೀಸೆಲ್ ಸುಡತೈತಿ.

ಟ್ರ್ಯಾಲಿಗೆ, ಅಂದೆ.
ಅಂದು ಮನಿಗೆ ಬಂದೆ, ಚೀಲ ಎತ್ತಾಕ.

ಕಟ್ಟಿ ಮ್ಯಾಲ ನೀಲಗಂಗಿ
ಹಳೇ ಧೋತರದ ತುಂಡು ಬಿಚ್ಚಿ ಕುಂತಿದ್ದಳು.
ಐದು ದಿನದ ಹಿಂದ ನೂರು ಕಾಳು ಎಣಿಸಿ ಸುತ್ತಿ,
ಮೂರು ಹೊತ್ತು ನೀರು ಚಿಮಕಿಸಿ,
ಮಗ್ಗಲದಾಗ ಕೂಸಿಟ್ಟಂಗ ಇಟ್ಟಿದ್ದಳು.
ಎಂಬತ್ತೇಳು ಬಾಲ ಬಿಟ್ಟಾವು, ಅಂದಳು,
ಹದಿಮೂರು ಸುಮ್ಮನ ಕುಂತಾವು.
ನಾ ಆರುನೂರು ಅನ್ನಾಕ ಬಾಯಿ ತೆರದೆ.

ಆವಾಗ ಕಂಡಿತು ಅಂಗಳ.
ನೆರಳಿನಾಗ ತಟ್ಟು ಹಾಸಿ
ಒಂದು ಚೀಲ ಸುರುವಿ ಬಿಟ್ಟಾಳ.
ಬೆಲ್ಲದ ನೀರು ಚಿಮಕಿಸಿ,
ಆಪೀಸಿನವರು ಕೊಟ್ಟ ಕರಿ ಪುಡಿ ಹಚ್ಚಿ,
ಹಸರ ಕಾಳೆಲ್ಲಾ ಕಾಡಿಗಿ ಬಡಕೊಂಡು ಮಲಗ್ಯಾವು.
ಮೊಳಕೈಮಟ ಕರ್ರಗ ಅವಳ ಕೈ.
ಇರುವಿಗೆ ಸುದ್ದಿ ಆಗಲೇ ಮುಟ್ಟಿತ್ತು.

ಬೆಲ್ಲ ಹತ್ತಿದ ಕಾಳಿಗೆ ಟೆಂಡರ್ ಹಾಕೋ ಸಾವುಕಾರ
ಇನ್ನೂ ಹುಟ್ಟಿಲ್ಲ, ಅಂದಳು.
ಹಚ್ಚಿದ ಬೀಜ ನಾಳೀಗೆ ಇಡಾಕ ಬರಂಗಿಲ್ಲ.
ನನ್ನ ಕಡೆ ನೋಡಲಿಲ್ಲ,
ಸೆರಗಿಲೆ ಇರುವಿ ಜಾಡಸಿದಳು.

ಮರ್ದಾನಸಾಬ ಪಿನ್ನು ಕಿತ್ತು ಕೂರಿಗಿಗೆ ಹಾಕಿದ,
ಏನೂ ಕೇಳಲಿಲ್ಲ. ಬರೋವಾಗ ಮಾತ್ರ
ಚಾದ ಪುಡಿ ತರಾಕ ನೆನಪು ಮಾಡಿದ.

ಬೆಲ್ಲದ ಜಿಗಿಗೆ ಕಾಳು ಅಂಟಿ
ಕೊಳವಿ ಎರಡು ಸಲ ಕಟ್ಟಿದವು.
ಇಳಿದು, ಕಡ್ಡಿ ಆಡಸಿ, ಮತ್ತ ಹತ್ತಿದೆ.
ಎಂಟೆಕರೆಯಾಗ ಫೋನು ನಾಕು ಸಲ ಹೊಡಕೊಂಡಿತು,
ಕಿಸೆದಾಗ ಕಪ್ಪಿ ಸಿಕ್ಕಂಗ.
ಎತ್ತಲಿಲ್ಲ.
ಬೆಳ್ಳಕ್ಕಿ ಹಿಂದಿಂದ ನಡದು ಬಂದವು,
ಮುಚ್ಚಿದ ಸಾಲಿನಾಗ ಹುಳ ಹುಡಿಕ್ಕೋತ.

ಸಂಜಿಕೆ ನೋಡಿದೆ: ಏಳು ಸಾವಿರದ ಎಂಟುನೂರು.
ಹೇಳಿದೆ ಆಕಿಗೆ.
ಇನ್ನೂ ಎಂಟು ಚೀಲ ಅದಾವಲ್ಲ, ಅಂದಳು,
ನಾಳಿ ಇಷ್ಟs ಇರತೈತಿ ಅಂತ ಬರಕೊಟ್ಟಂಗ.
ಕಪ್ಪತಗುಡ್ಡದ ಕಡೆ ಮೋಡ ಇದ್ದವು.
ಇದ್ದವು, ಅಷ್ಟ.

ಊಟಕ್ಕ ಜೋಳದ ರೊಟ್ಟಿ, ಮೊಳಕಿ ಕಾಳಿನ ಪಲ್ಯ.
ಎಣಿಸಿದ ನೂರೂ ಒಗ್ಗರಣಿಗೆ ಬಿದ್ದಿದ್ದವು,
ಬಾಲ ಬಿಟ್ಟದ್ದು ಬಿಡದ್ದು ಕೂಡೇ.
ಮೂರನೇ ತುತ್ತಿಗೆ
ಹದಿಮೂರರಾಗಿನದೊಂದು
ಹಲ್ಲಿಗೆ ಕಟ್ ಅಂತು.
ಉಗಳಲಿಲ್ಲ. ದವಡಿ ಸಂದ್ಯಾಗ ಇಟಗೊಂಡು
ಮಳಿಗೆ ಕಿವಿ ಕೊಟ್ಟು ಕುಂತೆ.